ಹೂ ಮುಡಿದ ಫೈರ್‌ವಾಲ್

ನಾನು ಕೆಲಸಕ್ಕಿದ್ದ ಕಂಪನಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗಗಳು ಎರಡಿದ್ದವು. ಒಂದು ಗೇಟಿನ ಪಕ್ಕದ ಗಣಪತಿ ಗುಡಿ, ಇನ್ನೊಂದು ಮಹಡಿ ಮೇಲಿನ ಸರ್ವರ್ ರೂಮು. ಗಣಪತಿ ಗುಡಿಗೆ ಆಗಾಗ ಯಾರಾದರೂ ಮರೆತು ಚಪ್ಪಲಿ ಮೆಟ್ಟಿಕೊಂಡೇ ಹತ್ತಿಬಿಡುತ್ತಿದ್ದರು. ಸರ್ವರ್ ರೂಮಿನಲ್ಲಿ ಆ ತಪ್ಪು ಯಾರೂ ಮಾಡುತ್ತಿರಲಿಲ್ಲ. ಧೂಳು ಬೀಳಬಾರದು ಅನ್ನುವುದು ಅದರ ಮೂಲ ಕಾರಣ. ಆದರೆ ಬರಿಗಾಲಲ್ಲಿ ಒಳಗೆ ಹೋಗಿ, ಏಸಿ ತಣ್ಣಗೆ ಮೈಗೆ ತಾಗಿ, ಕತ್ತಲಲ್ಲಿ ಮಿಣಮಿಣ ಅನ್ನುವ ಹಸಿರು ದೀಪಗಳನ್ನು ಕಂಡರೆ ಕೈ ತಾನಾಗಿ ಮುಗಿಯುವ ಹಾಗೆ ಆಗುತ್ತದೆ. ನಮ್ಮ ಯಜಮಾನರು ನಿಜಕ್ಕೂ ಮುಗಿಯುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ಬೆಂಗಳೂರಿನದಲ್ಲ, ಚಾಮುಂಡಿ ಬೆಟ್ಟದ ಊರಿನ ಹೆಬ್ಬಾಳದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಂಪಿನ ಬಿಡಿಭಾಗ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ಯಜಮಾನರದು ಹಳೇ ವ್ಯಾಪಾರಸ್ಥರ ಮನೆತನ. ಹಣೆ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವವರು, ಮಾತಿನಲ್ಲಿ ಮೃದು, ಲೆಕ್ಕದಲ್ಲಿ ಗಟ್ಟಿ. ಅವರ ಕೈಕೆಳಗೆ ಐಟಿ ಮ್ಯಾನೇಜರು. ಮ್ಯಾನೇಜರ ಕೈಕೆಳಗೆ ನಾನು. ನನ್ನ ಕೈಕೆಳಗೆ ಕೇಬಲ್ಲುಗಳು.

ನಮ್ಮ ಮನೆ ಕೆಸರೆಯಲ್ಲಿ. ಅಪ್ಪ ಸೌದೆ ಡಿಪೋದಲ್ಲಿ ಸೌದೆ ಒಡೆಯುತ್ತಿದ್ದ. ಅವ್ವ ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಎರಡೂ ಕಡೆಯ ನೆಂಟರನ್ನೆಲ್ಲ ಸೇರಿಸಿದರೂ ಡಿಗ್ರಿ ಅಂತ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚ ಇಲ್ಲ. ಬಿ.ಎಸ್ಸಿ.ಯಲ್ಲಿ ಗಣಿತ ಒಂದು ಸಲ ಕೈಕೊಟ್ಟಿತು. ಮತ್ತೆ ಕಟ್ಟಿ ಪಾಸು ಮಾಡಿದೆ. ಆಮೇಲೆ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತ ಕಂಪ್ಯೂಟರ್ ಡಿಪ್ಲೊಮಾ ಮಾಡಿದೆ. ಕಷ್ಟಪಟ್ಟು ಕಲಿತವರಿಗೆ ಒಂದು ಕೆಟ್ಟ ಗುಣ ಇರುತ್ತದೆ: ಕಲಿತದ್ದನ್ನು ನಂಬಿಬಿಡುತ್ತೇವೆ. ಪುಸ್ತಕದಲ್ಲಿ ಹೀಗಿರಬೇಕು ಅಂತ ಬರೆದಿದ್ದರೆ ಹೊರಗೂ ಹಾಗೇ ಇರಬೇಕು ಅಂತ ಹಟ.

ಕೆಲಸಕ್ಕೆ ಸೇರಿದಾಗ ನನ್ನನ್ನು ಪ್ರೊಬೇಷನ್‌ನಲ್ಲಿ ಇಟ್ಟರು. ಕೆಲಸ ನೋಡಿ, ನಡತೆ ನೋಡಿ, ಆಮೇಲೆ ಖಾಯಂ. ಅದನ್ನು ಅವ್ವನಿಗೆ ಬಿಡಿಸಿ ಹೇಳಿದ್ದೆ. ಅವಳು ಕೇಳಿಸಿಕೊಂಡು, ತಲೆಯಾಡಿಸಿ, ಮಾರನೆ ದಿನವೇ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿ, "ನಮ್ಮುಡುಗೀಗೆ ಪರ್ಮೆಂಟ್ ಆಯ್ತು" ಅಂದುಬಿಟ್ಟಿದ್ದಳು.

"ಯಾಕವ್ವ ಸುಳ್ಳು ಹೇಳ್ದೆ?" ಅಂದೆ.

"ಸುಳ್ಳೆಲ್ಲೇಳ್ದೆ? ವಸಿ ಮುಂಚೆ ಏಳ್ದೆ ಅಷ್ಟೆಯ."

ಹೀಗಾಗಿ ಬೀದಿಯ ಮಟ್ಟಿಗೆ ನಾನು ಖಾಯಂ. ಕಂಪನಿಯ ಮಟ್ಟಿಗೆ ಇನ್ನೂ ತೂಗುಯ್ಯಾಲೆ. ಈ ಎರಡರ ನಡುವಿನ ಕಂದಕ ಮುಚ್ಚುವ ಕೆಲಸ ನನ್ನದಾಯಿತು.

ಕಂಪನಿಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮೀಟಿಂಗು. ಅದರಲ್ಲಿ ಮ್ಯಾನೇಜರು ಐದು ನಿಮಿಷ ಫೈರ್‌ವಾಲ್ ಬಗ್ಗೆ ಮಾತಾಡುತ್ತಿದ್ದರು. ಫೈರ್‌ವಾಲ್ ಅಂದರೆ ಒಂದು ಪೆಟ್ಟಿಗೆ. ಹೊರಗಿನ ಇಂಟರ್ನೆಟ್ಟಿಗೂ ನಮ್ಮ ಕಂಪ್ಯೂಟರುಗಳಿಗೂ ನಡುವೆ ಗೇಟಿನ ವಾಚ್‌ಮನ್ ಹಾಗೆ ನಿಂತು, ಕಳ್ಳಕಾಕರನ್ನು ತಡೆಯುವುದು ಅದರ ಕೆಲಸ. ಹೊರದೇಶದ ಗಿರಾಕಿ ಕಂಪನಿಯವರು, ನಮ್ಮ ಡ್ರಾಯಿಂಗ್ ನಿಮ್ಮ ಹತ್ತಿರ ಇರುತ್ತದೆ, ಭದ್ರತೆ ಮಾಡಿ, ಇಲ್ಲದಿದ್ದರೆ ಆರ್ಡರು ಇಲ್ಲ ಅಂದಿದ್ದರು. ಬೆಂಗಳೂರಿನಿಂದ ಪೆಟ್ಟಿಗೆ ಬಂತು, ಅದರ ಹಿಂದೆ ಇಂಜಿನಿಯರ್ ಬಂದು ಕೂಡಿಸಿ ಹೋದ. ಇದೆಲ್ಲ ನಾನು ಸೇರುವುದಕ್ಕೆ ಮುಂಚಿನ ಕಥೆ.

ಮ್ಯಾನೇಜರು ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ದೊಡ್ಡದಾಗಿ ಒಂದು ಸೊನ್ನೆ ಬಿಡುತ್ತಿದ್ದರು.

"ಈ ವಾರ ಎಷ್ಟು ದಾಳಿ ಸಾರ್? ಸೊನ್ನೆ."

"ಹೋದ ವಾರ?" ಅಂತ ಯಜಮಾನರು ಕೇಳುವರು. ಗೊತ್ತಿದ್ದೇ ಕೇಳುವುದು.

"ಅದೂ ಸೊನ್ನೆ ಸಾರ್."

"ಶಿವಾ!" ಅಂತ ಯಜಮಾನರು ಕಣ್ಣು ಮುಚ್ಚುವರು. ಉತ್ಪಾದನೆ ವಿಭಾಗದವರು, ಲೆಕ್ಕದವರು, ಎಲ್ಲರೂ ತಲೆ ತೂಗುವರು. ಅವರವರ ವಿಭಾಗದಲ್ಲಿ ಸೊನ್ನೆ ತೋರಿಸಿದರೆ ಕೆಲಸ ಹೋಗುತ್ತಿತ್ತು. ಸೊನ್ನೆ ತೋರಿಸಿ ಭೇಷ್ ಅನ್ನಿಸಿಕೊಂಡ ವಿಭಾಗ ನಮ್ಮದೊಂದೇ. ಯಜಮಾನರು ವರ್ತಕರ ಸಂಘದ ಊಟದಲ್ಲಿ ಈ ಸೊನ್ನೆಯ ಮೇಲೆ ಒಂದು ಭಾಷಣವನ್ನೂ ಮಾಡಿ ಬಂದಿದ್ದರಂತೆ. ಕೇಳಿದವರು ಮೈಕು ಇಳಿಸುವಷ್ಟರಲ್ಲಿ ಪೆಟ್ಟಿಗೆ ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದರಂತೆ.

ನನಗೂ ಹೆಮ್ಮೆಯೇ. ಸರ್ವರ್ ರೂಮಿನ ಕಬ್ಬಿಣದ ಸ್ಟ್ಯಾಂಡಿನಲ್ಲಿ ಕಣ್ಣೆತ್ತರಕ್ಕೆ ಆ ಪೆಟ್ಟಿಗೆ ಇತ್ತು. ಮೇಲೆ ಚಾಮುಂಡಿ ಫೋಟೋ. ಪೆಟ್ಟಿಗೆಯ ಹಣೆಗೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಕಿವಿಗೆ ಒಣಗಿದ ಚೆಂಡುಹೂವಿನ ಸರ. ಅದನ್ನು ಒರೆಸಬೇಡ, ಸರಿಸಬೇಡ, ಮುಟ್ಟಲೇಬೇಡ ಅಂತ ಮೊದಲ ದಿನವೇ ಮ್ಯಾನೇಜರು ಹೇಳಿದ್ದರು. ಪೂಜೆ ಆದ ವಸ್ತು.

ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಒಳಗೆ ಹೋದರೆ ಪೆಟ್ಟಿಗೆಯ ದೀಪ ಆರಿತ್ತು. ಒಂದೂ ಇಲ್ಲ. ಹಿಂದೆ ಬಗ್ಗಿ ನೋಡಿದರೆ ಕರೆಂಟಿನ ಪ್ಲಗ್ಗು ಸಡಿಲಾಗಿ ಕಳಚಿಕೊಂಡಿದೆ. ವಾಚ್‌ಮನ್ ಸತ್ತರೆ ಗೇಟು ಮುಚ್ಚಿದ ಹಾಗೆ, ಇಡೀ ಆಫೀಸಿನ ಇಂಟರ್ನೆಟ್ ನಿಂತಿರಬೇಕು. ಈಗ ಎಲ್ಲರೂ ಮೇಲೆ ಓಡಿ ಬರುತ್ತಾರೆ ಅಂತ ಕಾದೆ. ಯಾರೂ ಬರಲಿಲ್ಲ. ಕೆಳಗಿಳಿದು ನೋಡಿದೆ. ಲೆಕ್ಕದ ವಿಭಾಗದವರು ಕ್ರಿಕೆಟ್ ಸ್ಕೋರು ನೋಡುತ್ತಿದ್ದರು. ಸ್ಕೋರು ಚೆನ್ನಾಗಿ ಬರುತ್ತಿತ್ತು.

ವಾಪಸ್ ಬಂದು ಕೇಬಲ್ ಹಿಡಿದು ಬೆರಳಾಡಿಸುತ್ತ ಹೋದೆ. ಹೊರಗಿನ ಲೈನು ಗೋಡೆಯಿಂದ ಇಳಿದು ಫೈರ್‌ವಾಲಿಗೆ ಬರಬೇಕು, ಅದರಿಂದ ಹೊರಟು ಉಳಿದ ಕಂಪ್ಯೂಟರುಗಳಿಗೆ ಹೋಗಬೇಕು. ಪುಸ್ತಕದಲ್ಲಿ ಹಾಗೇ ಇತ್ತು. ಇಲ್ಲಿ ಹೊರಗಿನ ಲೈನು ಫೈರ್‌ವಾಲನ್ನು ಬಳಸಿಕೊಂಡು, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ ಹಿಂದಿನಿಂದ ಹೋಗಿ ನೇರ ಕಂಪ್ಯೂಟರುಗಳ ಕಡೆಗೆ ಇಳಿದಿತ್ತು. ಪೆಟ್ಟಿಗೆಗೆ ಬರುತ್ತಿದ್ದದ್ದು ಬರೀ ಕರೆಂಟು, ಅದರಿಂದ ಹೊರಡುತ್ತಿದ್ದದ್ದು ಬರೀ ರಿಪೋರ್ಟು. ತನ್ನ ಮುಂದೆ ಯಾರೂ ಹಾಯದೇ ಇದ್ದಮೇಲೆ ಅದು ತಾನೇ ಏನು ವರದಿ ಕೊಡುತ್ತದೆ? ಸೊನ್ನೆ. ಪಾಪ, ಅದು ಸುಳ್ಳು ಹೇಳಿರಲಿಲ್ಲ.

ಪ್ಲಗ್ಗು ಸಿಕ್ಕಿಸಿ ಮ್ಯಾನೇಜರ ಹತ್ತಿರ ಹೋದೆ. ಅವರು ಬಾಗಿಲು ಹಾಕು ಅಂದರು. ಹಾಕಿದೆ.

"ಆಯುಧಪೂಜೆ ದಿನ ಆಗಿದ್ದಮ್ಮ ಅದು," ಅಂದರು ತಗ್ಗಿದ ದನಿಯಲ್ಲಿ.

ಆ ಹಬ್ಬದ ದಿನ ನಮ್ಮ ಕಂಪನಿಯಲ್ಲಿ ಯಾವ ಆಯುಧವೂ ಕೆಲಸ ಮಾಡಬಾರದು. ಲೇತು, ಡ್ರಿಲ್ಲು, ತಕ್ಕಡಿ, ವ್ಯಾನು, ಎಲ್ಲಕ್ಕೂ ತೊಳೆದು, ಹೂವಿಟ್ಟು, ವಿಶ್ರಾಂತಿ. ಯಜಮಾನರು ಹೊಸ ಪೆಟ್ಟಿಗೆಯನ್ನು ನೋಡಿ, "ಇದೂ ಆಯುಧವೇ ಅಲ್ಲವಾ? ಶತ್ರು ಸಂಹಾರಕ್ಕೆ ತಂದದ್ದು. ಇದಕ್ಕೂ ರಜ ಕೊಡಿ" ಅಂದರಂತೆ. ಆದರೆ ಅವತ್ತು ಹೊರದೇಶದಲ್ಲಿ ಆಯುಧಪೂಜೆ ಇರಲಿಲ್ಲ. ಮೇಲ್ ಬರುವುದಿತ್ತು. ಮ್ಯಾನೇಜರು ಬುದ್ಧಿ ಓಡಿಸಿ ಲೈನನ್ನು ಫೈರ್‌ವಾಲಿನಿಂದ ಬಿಡಿಸಿ ನೇರ ಕೊಟ್ಟರು. ಆಯುಧಕ್ಕೆ ರಜವೂ ಆಯಿತು, ಮೇಲೂ ಬಂತು.

"ಮಾರನೆ ದಿನ ವಾಪಸ್ ಹಾಕ್ಬೇಕಿತ್ತಲ್ಲ ಸಾರ್?"

"ಹಾಕೋಣ ಅಂತ್ಲೇ ಹೋದೆ. ಯಜಮಾನ್ರು ಅಲ್ಲೇ ನಿಂತಿದ್ರು. ಪೂಜೆ ಆದ ಮೇಲೆ ಎಷ್ಟು ಲಕ್ಷಣವಾಗಿದೆ ನೋಡ್ರೀ, ಇದನ್ನ ಯಾರೂ ಅಲುಗಾಡಿಸ್ಬೇಡಿ ಅಂದ್ಬಿಟ್ರು. ಏನ್ ಮಾಡ್ಲಿ? ಆಮೇಲೆ ಸೋಮವಾರ ಬಂತು. ರಿಪೋರ್ಟ್ ತೆಗೆದೆ, ಸೊನ್ನೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಒಂದ್ ಸಲ ಚಪ್ಪಾಳೆ ತಟ್ಟಿಸಿಕೊಂಡ ಮೇಲೆ ಹೆಂಗಮ್ಮ ಹಿಂದಕ್ಕೆ ಬರೋದು?"

ಈ ಮನುಷ್ಯ ಕೆಟ್ಟವರಲ್ಲ. ವಿದ್ಯಾರಣ್ಯಪುರಂನಿಂದ ದಿನಾ ಸ್ಕೂಟರಲ್ಲಿ ಬಂದು, ನನಗೆ ಊಟದ ಡಬ್ಬಿಯಿಂದ ಚಟ್ನಿಪುಡಿ ಕೊಡುತ್ತಿದ್ದವರು. ಆದರೆ ಅವತ್ತು ಅವರು ಮೇಜಿನ ಮೇಲೆ ಒಂದು ಹಾಳೆ ಸರಿಸಿದರು. ಗಿರಾಕಿ ಕಂಪನಿಯವರ ಕಡೆಯಿಂದ ಆಡಿಟರ್ ಬರುವವನಿದ್ದ. ಭದ್ರತೆ ಯೋಜನೆ ನೂರಕ್ಕೆ ನೂರು ಮುಗಿದಿದೆ, ಪರೀಕ್ಷಿಸಿ ನೋಡಿದ್ದೇನೆ ಅಂತ ಒಬ್ಬ ತಾಂತ್ರಿಕ ಸಿಬ್ಬಂದಿ ಸಹಿ ಹಾಕಬೇಕು. ತಾಂತ್ರಿಕ ಸಿಬ್ಬಂದಿ ಅಂದರೆ ನಾನು.

"ನಿನ್ನ ಕನ್ಫರ್ಮೇಷನ್ ಕಾಗದಾನೂ ಈ ತಿಂಗಳೇ ಹೋಗೋದು. ಎರಡೂ ಒಟ್ಟಿಗೇ ಕಳಿಸಿಬಿಡ್ತೀನಿ," ಅಂದರು. ಹೆದರಿಸುವ ದನಿ ಅಲ್ಲ. ಮಗಳ ಮದುವೆಗೆ ಒಳ್ಳೆ ಮುಹೂರ್ತ ಸಿಕ್ಕಿದೆ ಅನ್ನುವ ದನಿ.

ಮನೆಗೆ ಬಂದು ಅವ್ವನ ಎದುರು ಕೂತೆ. ಅವಳು ಹಲಗೆಯ ಮೇಲೆ ಕಡ್ಡಿಗೆ ಹಿಟ್ಟು ಹೊಸೆಯುತ್ತಲೇ ಕೇಳಿಸಿಕೊಂಡಳು.

"ಆ ಪೆಟ್ಗೆ ಏನ್ ಮಾಡದು?"

"ಗೇಟು ಕಾಯೋದು."

"ಕಾಯ್ತಾ ಇಲ್ವಾ?"

"ಹೂ ಮುಡ್ಕೊಂಡು ಕೂತದೆ."

ಅವ್ವ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಸೈನ್ ಆಕ್ಬುಡು ಮಗಾ. ಎದ್ರುಮನೆಯೋಳು ನಿನ್ನೆ ಕೇಳ್ತಿದ್ಲು, ಪರ್ಮೆಂಟ್ ಆದ್ರೂ ಯಾಕ್ ಇನ್ನೂ ಬಸ್ಸಲ್ ಓಯ್ತಳೆ ಅಂತ," ಅಂದಳು.

"ನಾಳೆ ಕಳ್ಳರು ಬಂದ್ರೆ ಯಾರ ಸೈನು ಅಂತ ನೋಡ್ತಾರವ್ವ. ಅಷ್ಟು ಕಷ್ಟಪಟ್ಟು ಓದಿ, ನೋಡದೇ ಇದ್ದದ್ದನ್ನ ನೋಡ್ದೆ ಅಂತ ಬರೀಲಾ?"

ಅವಳು ಇನ್ನೊಂದು ಕಡ್ಡಿ ಎತ್ತಿಕೊಂಡಳು. "ನೀನೇ ಓದಿರೋಳು. ನಂಗೇನ್ ಗೊತ್ತು. ಒಸೆದ ಕಡ್ಡಿ ಉರಿಬೇಕು, ಅಷ್ಟೆಯ," ಅಂದಳು. ಅದು ನನ್ನ ಪರವೋ ವಿರುದ್ಧವೋ ತಿಳಿಯಲಿಲ್ಲ.

ಮಾರನೆ ದಿನ ಮ್ಯಾನೇಜರಿಗೆ ಹೇಳಿದೆ, ಲೈನು ಪೆಟ್ಟಿಗೆಯ ಮೂಲಕ ಹೋಗಲಿ ಸಾರ್, ಅವತ್ತೇ ಸಹಿ ಹಾಕುತ್ತೇನೆ. ಅವರು ಹಣೆ ಒತ್ತಿಕೊಂಡರು. ಯಜಮಾನರ ಅಪ್ಪಣೆ ಇಲ್ಲದೆ ಮುಟ್ಟುವ ಹಾಗಿಲ್ಲ. ಅಪ್ಪಣೆ ಕೇಳಬೇಕಾದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಇಷ್ಟು ದಿನದ ಸೊನ್ನೆ ಏನಾಗಬೇಕು? ಕೊನೆಗೆ ಅವರೇ ದಾರಿ ಕಂಡುಹಿಡಿದರು. ಯಜಮಾನರಿಗೆ, "ಆಡಿಟ್‌ಗೆ ಮುಂಚೆ ಪೆಟ್ಟಿಗೆಗೆ ಇನ್ನೊಂದು ವಿಶೇಷ ಪೂಜೆ ಆದ್ರೆ ಒಳ್ಳೇದು ಸಾರ್" ಅಂದರು. ಯಜಮಾನರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಭಕ್ತಿ ಇರುವ ಮ್ಯಾನೇಜರನ್ನು ಎಲ್ಲಿ ತರುವುದು!

ರಾಹುಕಾಲ ಕಳೆದ ಮೇಲೆ ಎಲ್ಲರೂ ಬರಿಗಾಲಲ್ಲಿ ಸೇರಿದೆವು. ಹಳೇ ಹೂವು ತೆಗೆದು ಹೊಸ ಹೂವು ಹಾಕುವ ನೆಪದಲ್ಲಿ ನಾನು ಪೆಟ್ಟಿಗೆಯ ಹಿಂದೆ ನಿಂತೆ. ಯಜಮಾನರು ಮುಂದೆ ಮಂಗಳಾರತಿ ಎತ್ತಿದರು, ನಾನು ಹಿಂದೆ ಕೇಬಲ್ ಬದಲಿಸಿದೆ. ಗಂಟೆಯ ಸದ್ದಿನಲ್ಲಿ ಕೇಬಲ್ ಟಿಕ್ ಅಂದದ್ದು ಯಾರಿಗೂ ಕೇಳಿಸಲಿಲ್ಲ. ಪೆಟ್ಟಿಗೆಯ ದೀಪಗಳು ಅವತ್ತು ಮೊದಲ ಸಲ ಹುಚ್ಚೆದ್ದು ಕುಣಿದವು.

"ನೋಡ್ರೀ," ಅಂದರು ಯಜಮಾನರು, "ದೇವರು ಒಲಿದ."

ಸೋಮವಾರ ಬಂತು. ಗೋಡೆಯ ಮೇಲೆ ಸೊನ್ನೆ ಬರಲಿಲ್ಲ. ನೂರಾರು ಬಂತು. ಹೊರಗಿನಿಂದ ಬಾಗಿಲು ತಟ್ಟಿದವರು, ಕಿಟಕಿ ಅಲುಗಿಸಿದವರು, ವೈರಸ್ಸು ಹೊತ್ತು ಬಂದವರು, ಎಲ್ಲರದೂ ಲೆಕ್ಕ. ಎಲ್ಲವನ್ನೂ ಪೆಟ್ಟಿಗೆ ತಡೆದಿತ್ತು. ಆದರೆ ತಡೆಯಲಾಗಿದೆ ಅಂತ ಕೆಳಗಿದ್ದ ಸಾಲನ್ನು ಯಾರೂ ಓದಲಿಲ್ಲ.

ಯಜಮಾನರು ನನ್ನ ಕಡೆ ತಿರುಗಿದರು. "ಏನಮ್ಮ ಇದು? ನೀನು ಹೂವು ಹಾಕೋವರೆಗೂ ಒಂದೂ ಇರ್ಲಿಲ್ಲ. ಮಡಿಯಲ್ಲಿ ಹಾಕಿದ್ಯಾ?"

ಮ್ಯಾನೇಜರು ಕಿಟಕಿಯಾಚೆ ಬಹಳ ಮುಖ್ಯವಾದದ್ದೇನೋ ನೋಡುತ್ತಿದ್ದರು.

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಮಾತು ಸಲೀಸು. "ಮಡಿ ಅಲ್ಲ ಸಾರ್. ನಿಮ್ಮ ಗೋಡೌನ್ ವಾಚ್‌ಮನ್‌ನ ಗೇಟಿಂದ ತಂದು ದೇವರಮನೆಯಲ್ಲಿ ಕೂರಿಸಿದ್ರೆ, ಇವತ್ತು ಎಷ್ಟು ಕಳ್ಳರು ಬಂದ್ರಪ್ಪ ಅಂದ್ರೆ ಏನ್ ಹೇಳ್ತಾನೆ? ಒಬ್ಬನೂ ಬಂದಿಲ್ಲ ಸ್ವಾಮಿ ಅಂತಾನೆ. ಈಗ ಗೇಟಿಗೆ ಕಳಿಸಿದ್ದೀವಿ. ಕಂಡದ್ದನ್ನ ಹೇಳ್ತಿದ್ದಾನೆ."

ಯಜಮಾನರು ಮುಂದಕ್ಕೆ ಬಾಗಿದರು. ವ್ಯಾಪಾರಸ್ಥರಿಗೆ ಇಂಥದ್ದು ಬೇಗ ಅರ್ಥವಾಗುತ್ತದೆ. "ಅಂದ್ರೆ, ದಸರಾದಿಂದ ಅವನು ದೇವರಮನೇಲಿದ್ದನಾ?"

"ಹೌದು ಸಾರ್."

"ಕಳ್ಳರು ಬಂದಿದ್ರಾ ಅಷ್ಟು ದಿನ?"

"ಗೊತ್ತಿಲ್ಲ ಸಾರ್. ನೋಡೋರೇ ಇರ್ಲಿಲ್ಲವಲ್ಲ."

ಅವರು ಎಲ್ಲರನ್ನೂ ಹೊರಗೆ ಕಳಿಸಿ ನಮ್ಮಿಬ್ಬರನ್ನೇ ಉಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ವಿಭೂತಿಯ ಮೇಲೆ ಬೆರಳಾಡಿಸುತ್ತ ಯೋಚಿಸಿ, "ಸಂಘದಲ್ಲಿ ಭಾಷಣ ಮಾಡಿಬಿಟ್ಟಿದ್ದೀನಲ್ಲಮ್ಮ," ಅಂದರು. "ಗಿರಾಕಿಗೂ ಸೊನ್ನೆ ಅಂತಲೇ ಕಾಗದ ಬರೆದಾಗಿದೆ. ಆಡಿಟ್ ಮುಗಿಯೋವರೆಗೆ ಅವನು ದೇವರಮನೆಯಲ್ಲೇ ಇರ್ಲಿ. ಇಷ್ಟು ದಿನ ಕಾಪಾಡಿದ ದೇವರು ಇನ್ನು ನಾಲ್ಕು ದಿನ ಕಾಪಾಡಲ್ವಾ?"

ನಾನು, ಕೇಬಲ್ ನಾನು ತೆಗೆಯುವುದಿಲ್ಲ, ಸಹಿಯೂ ಹಾಕುವುದಿಲ್ಲ ಅಂದೆ.

"ಕನ್ಫರ್ಮೇಷನ್ ಬೇಡವಾ?" ಅಂದರು ಯಜಮಾನರು. ಕುತೂಹಲದಿಂದ ಕೇಳಿದ ಹಾಗಿತ್ತು.

"ಬೇಕು ಸಾರ್. ಬಹಳ ಬೇಕು. ಆದ್ರೆ ಇದಕ್ಕಲ್ಲ."

ಕೇಬಲ್ಲನ್ನು ಮ್ಯಾನೇಜರೇ ಬದಲಿಸಿದರು. ಸಹಿಯನ್ನೂ ಅವರೇ ಹಾಕಿದರು. ಆಡಿಟರ್ ಚೆನ್ನೈನಿಂದ ಬಂದ. ಶೂ ಬಿಚ್ಚಿಟ್ಟು ಒಳಗೆ ಬಂದ. ಫೈರ್‌ವಾಲ್ ಇದೆಯಾ ಅಂತ ಕೇಳಿದ. ಇದೆ ಅಂತ ತೋರಿಸಿದರು. ಅವನೂ ಕೈಮುಗಿದ. ಸೊನ್ನೆಗಳ ರಿಪೋರ್ಟು ನೋಡಿ, ಬಹಳ ಒಳ್ಳೇ ಫಲಿತಾಂಶ ಅಂದ. ಲೈನು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬಗ್ಗಿ ನೋಡಬೇಕಾದರೆ ಹೂವು ಸರಿಸಬೇಕಿತ್ತು. ದೇವರ ಹೂವು ಸರಿಸಲು ಅವನಿಗೂ ಮನಸ್ಸಾಗಲಿಲ್ಲ. ಊಟದ ನಂತರ ನಂಜನಗೂಡು ರಸಬಾಳೆ ನಿಜವಾದದ್ದು ಎಲ್ಲಿ ಸಿಗುತ್ತದೆ ಅಂತ ಮಾತ್ರ ಬಹಳ ಕೂಲಂಕಷವಾಗಿ ವಿಚಾರಿಸಿದ. ಯಾವುದು ನಿಜ, ಯಾವುದು ಅದೇ ಹೆಸರಿನದು ಅಂತ ತಿಳಿಯಲು ಸಿಪ್ಪೆ ಸುಲಿದು ನೋಡಬೇಕಂತೆ.

ಸರ್ಟಿಫಿಕೇಟ್ ಬಂತು. ಚೌಕಟ್ಟು ಹಾಕಿಸಿ ಸ್ವಾಗತದ ಕೋಣೆಯಲ್ಲಿ ತೂಗುಹಾಕಿದರು. ಅದೇ ದಿನ ಯಜಮಾನರು ಮಹಡಿಯ ಮೆಟ್ಟಿಲ ಮೇಲೆ ನನ್ನನ್ನು ತಡೆದು, ಅತ್ತಿತ್ತ ನೋಡಿ, "ಈಗ ಅವನನ್ನ ಗೇಟಿಗೆ ಕಳಿಸಮ್ಮ" ಅಂದರು. ಹೀಗೆ ನಮ್ಮ ಕಂಪನಿಯ ಭದ್ರತೆ, ಅದು ಪರಿಪೂರ್ಣವಾಗಿದೆ ಅಂತ ಪ್ರಮಾಣಪತ್ರ ಬಂದ ಮೇಲೆ ಶುರುವಾಯಿತು.

ನನ್ನ ಪ್ರೊಬೇಷನ್ನನ್ನು ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಿದರು. ಕಾರಣ: ಎಲ್ಲರೊಂದಿಗೆ ಹೊಂದಿಕೊಂಡು ಹೋಗುವ ಗುಣ ಬೆಳೆಸಿಕೊಳ್ಳಬೇಕು. ಮ್ಯಾನೇಜರು ಈಗ ಸೋಮವಾರದ ಗೋಡೆಯ ಮೇಲೆ ಸೊನ್ನೆಯ ಬದಲು ಏರುವ ಮೆಟ್ಟಿಲುಗಳ ಚಿತ್ರ ಬಿಡತೊಡಗಿದರು. "ಇದು ಎರಡನೇ ಹಂತ ಸಾರ್. ಮೊದಲನೇ ಹಂತದಲ್ಲಿ ದಾಳಿಯೇ ಆಗಲಿಲ್ಲ. ಎರಡನೇ ಹಂತದಲ್ಲಿ ಆದದ್ದನ್ನೆಲ್ಲ ತಡೆದೆವು." ಮೀಟಿಂಗಿನಲ್ಲಿ ಮತ್ತೆ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ನಾನೂ ಎರಡು ತಟ್ಟಿದೆ. ಎರಡನೇ ವಾಕ್ಯ ನಿಜವಾಗಿತ್ತಲ್ಲ.

ಆರು ತಿಂಗಳು ಅವ್ವ ಬೀದಿಯನ್ನು ಹೇಗೋ ಸಂಭಾಳಿಸಿದಳು. ನಾನು ದಿನಾ ಬೆಳಿಗ್ಗೆ ಮೊದಲು ಹೋಗಿ ಕೇಬಲ್ ಮುಟ್ಟಿ ನೋಡಿ ಕೆಲಸ ಶುರು ಮಾಡುತ್ತಿದ್ದೆ.

ಕೊನೆಗೆ ಕನ್ಫರ್ಮೇಷನ್ ಕಾಗದ ಕೈಗೆ ಬಂತು. ನಿಂತಲ್ಲೇ ಓದಿದೆ. ಖಾಯಂ ಮಾಡಲಾಗಿದೆ ಅನ್ನುವ ವಾಕ್ಯದ ಕೆಳಗೆ ಇನ್ನೊಂದು ವಾಕ್ಯ: ಫೈರ್‌ವಾಲ್ ಯೋಜನೆಯನ್ನು ಶೂನ್ಯ ದಾಳಿಯೊಂದಿಗೆ ಯಶಸ್ವಿಯಾಗಿ ಮುಗಿಸುವಲ್ಲಿ ತಾವು ವಹಿಸಿದ ಪಾತ್ರವನ್ನು ಕಂಪನಿ ಮೆಚ್ಚುತ್ತದೆ. ಯಾವ ಮಾತಿಗೆ ನಾನು ಸಹಿ ಹಾಕುವುದಿಲ್ಲ ಅಂದಿದ್ದೆನೋ ಅದೇ ಮಾತನ್ನು ನನ್ನ ಹೆಸರಿನ ಕೆಳಗೆ ಅಂಟಿಸಿ, ಮೇಲೆ ಕಂಪನಿಯ ಮೊಹರು ಒತ್ತಿದ್ದರು.

ಸಿಬ್ಬಂದಿ ವಿಭಾಗದ ಗುಮಾಸ್ತೆಯ ಹತ್ತಿರ ಹೋಗಿ, "ಈ ಸಾಲು ತೆಗೆದುಕೊಡಿ" ಅಂದೆ.

"ಹೊಗಳಿದ್ದಾರೆ ಕಣ್ರೀ!" ಅಂದಳು ಅವಳು.

"ಗೊತ್ತು. ತೆಗೀರಿ."

"ಎಲ್ರೂ ಇನ್ನೊಂದು ಸಾಲು ಸೇರಿಸಿ ಅಂತ ಬರ್ತಾರೆ. ತೆಗೀರಿ ಅಂತ ಬಂದೋರು ನೀವೇ ಮೊದಲು. ಯಜಮಾನ್ರು ಏನಂತಾರೋ."

ಕಾಗದ ಯಜಮಾನರ ಕೋಣೆಗೆ ಹೋಯಿತು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಇದೂ ಹೋದರೆ ಹೋಗಲಿ ಅಂತ ಧೈರ್ಯ ಹೇಳಿಕೊಳ್ಳುತ್ತಿದ್ದೆ. ಧೈರ್ಯ ಅಷ್ಟೇನೂ ಬರುತ್ತಿರಲಿಲ್ಲ. ಒಳಗಿನಿಂದ ಯಜಮಾನರು ನಕ್ಕ ಸದ್ದು ಕೇಳಿಸಿತು. ಗುಮಾಸ್ತೆ ಹೊರಬಂದು ಮತ್ತೆ ಟೈಪು ಮಾಡಿಕೊಟ್ಟಳು. ಒಂದೇ ವಾಕ್ಯ. ಖಾಯಂ. ಕೆಳಗೆ ಬಿಳೀ ಹಾಳೆ.

ಕೆಸರೆಯಲ್ಲಿ ಬಸ್ ಇಳಿದು ಕೊಬ್ಬರಿ ಮಿಠಾಯಿ ಕಟ್ಟಿಸಿಕೊಂಡೆ. ಅವ್ವ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು ಕಾಗದ ಇಸಕೊಂಡಳು. ಓದಲು ಬರದಿದ್ದರೂ ಮೇಲಿಂದ ಕೆಳಗೆ ನೋಡಿದಳು.

"ಇಷ್ಟೇ ಬರ್ದವ್ರಾ?"

"ಇಷ್ಟೇ ಅವ್ವ. ಪೂರಾ ನಿಜ."

ಅವಳಿಗೆ ಸಂತೋಷವಾಯಿತು. ಮಿಠಾಯಿ ತಟ್ಟೆ ಹಿಡಿದು ಎದುರುಮನೆಗೆ ಹೋದಳು. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ.

"ಏನಕ್ಕ ವಿಶೇಷ?" ಅಂದಳು ಎದುರುಮನೆಯವಳು.

ಅವ್ವ ಬಾಯಿ ತೆಗೆದವಳು ಹಾಗೇ ನಿಂತಳು. ಖಾಯಂ ಆದದ್ದನ್ನು ಹೇಳುವ ಹಾಗಿಲ್ಲ, ಅದು ಬೀದಿಗೆಲ್ಲ ಯಾವಾಗಲೋ ಆಗಿಹೋಗಿದೆ. ಅದರ ಮಿಠಾಯಿಯೂ ತಿಂದು ಅರಗಿದೆ. ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ನಾನು ಬೇಡ ಬೇಡ ಅಂತ ತಲೆಯಾಡಿಸಿದೆ.

"ನಮ್ಮುಡುಗೀಗೆ ಪ್ರಮೋಸನ್ ಆಯ್ತು ಕಣವ್ವ," ಅಂದಳು.